ಗೌಜಲಕ್ಕಿಯ ಕೂಗನ್ನು ಅಳೆದವರು

ಧಾರವಾಡದ ಶಿವಗಂಗವ್ವನಿಗೆ ಒಬ್ಬನೇ ಮಗ, ಕಲ್ಮೇಶ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಚಿಂತೆ. ಅಂಥವನು ಪಿಎಚ್.ಡಿ.ಗೆ ಸೇರಿ ಗೌಜಲಕ್ಕಿಯ ಕೂಗಿನ ಮೇಲೆ ಸಂಶೋಧನೆ ನಡೆಸಿದ್ದ. ಈ ತಿಂಗಳೊಳಗೆ ಅವನದೊಂದು ಲೇಖನ ಸರಿಯಾಗಿ ವಿಜ್ಞಾನ ಪತ್ರಿಕೆಗೆ ಹೋಗದಿದ್ದರೆ ನೋಂದಣಿ ರದ್ದು, ಐದು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಮೊದಲ ಸಲ ಲೇಖನ ವಾಪಸು ಬಂತು. ಕೂಗಿನ ಏರಿಳಿತವನ್ನು ಕಂಪ್ಯೂಟರಿನ ತಂತ್ರಾಂಶವೊಂದು ಗೆರೆ ಎಳೆದು ಅಳೆದುಕೊಟ್ಟಿತ್ತು. ಇವನು ‘ನಾನು ಅಳೆದೆ’ ಎಂದಷ್ಟೇ ಬರೆದಿದ್ದ. ಇಷ್ಟು ಸೂಕ್ಷ್ಮವಾದ ಕಿವಿ ಯಾರಿಗಿದೆ ಎಂದು ಪತ್ರಿಕೆಯವರು ಕೇಳಿದ್ದರು. ಮಾರ್ಗದರ್ಶಕಿ ಕುಮುದಿನಿ ಮೇಡಂ ಬೈದು, ಯಾರ ನೆರವು ಪಡೆದೆಯೋ ಅವರ ಹೆಸರು ಬರಿ ಎಂದರು.

ಬರೆದ. ಬೈಕು ಕೊಟ್ಟ ಗೆಳೆಯ, ಹೊಲದೊಳಗೆ ಬಿಟ್ಟುಕೊಂಡ ರೈತ, ಬೆಳಗಿನ ಐದಕ್ಕೆ ಎಬ್ಬಿಸಿ ರೊಟ್ಟಿ ಕಟ್ಟಿಕೊಟ್ಟ ಅವ್ವ. ತಂತ್ರಾಂಶ ಮಾತ್ರ ಇರಲಿಲ್ಲ. ಅದು ‘ಯಾರೂ’ ಅಲ್ಲವಲ್ಲ. ಮೇಡಂ ಪಟ್ಟಿಯನ್ನು ಪೂರ್ತಿ ಓದದೆಯೇ ಬೈದರು. ಬರೀ ಹೆಸರು ಸಾಲದು. ತಯಾರಿಸಿದವರು, ವರ್ಷ, ಎಷ್ಟನೆಯ ಆವೃತ್ತಿ, ಎಲ್ಲ ಬೇಕು.

ಬರೆದ. ‘ಶಿವಗಂಗವ್ವ. ತಯಾರಿಸಿದವರು: ನಮ್ಮ ಅಜ್ಜ ಮತ್ತು ಅಜ್ಜಿ, 1966. ಮೂರನೆಯ ಆವೃತ್ತಿ.’ ಅವಳು ಮೂರನೆಯ ಮಗಳು.

ಈ ಸಲ ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, ಹೇಳಬೇಕಾದದ್ದು ತಂತ್ರಾಂಶದ ಹೆಸರು ಎಂದು ನಿಧಾನವಾಗಿ ಹೇಳಿ, ಇನ್ನು ಮೂರೇ ದಿನ ಉಳಿದಿದೆ ಎಂದರು.

ಮನೆಗೆ ಬಂದು ಮಗ ಎಲ್ಲ ಒಪ್ಪಿಸಿದ. ಶಿವಗಂಗವ್ವ ಅವನನ್ನು ಎದುರಿಗೆ ಕೂರಿಸಿಕೊಂಡಳು.

“ಅಲ್ಲೋ, ಪಕ್ಕದ ಮನಿ ಬೀಸೋಕಲ್ಲಿನಾಗ ಬೀಸ್ಕೊಂಡು ಬಂದು ನಮ್ಮ ಹಿಟ್ಟು ಎಷ್ಟು ಸಣ್ಣಗ ಐತಿ ನೋಡ್ರಿ ಅಂದ್ರ, ಯಾವ ಕಲ್ಲಿನಾಗ ಬೀಸಿದಿ ಅಂತ ಜನ ಕೇಳ್ತಾರ. ಹೇಳಬೇಕಪ್ಪ. ಕಲ್ಲು ಕೊಟ್ಟವರಿಗೆ ಅದು ಮರ್ಯಾದಿ. ಮತ್ತ ಹಿಟ್ಟು ತರಿತರಿ ಆದ್ರ, ತಪ್ಪು ನಿಂದೋ ಕಲ್ಲಿಂದೋ ಅದೂ ತಿಳೀಬೇಕಲ್ಲ.”

ಕಲ್ಮೇಶ ಅದನ್ನೆಲ್ಲ ಬರೆದುಕೊಂಡ. ಆಮೇಲೆ, ಅಷ್ಟಾದರೂ ನಂಬದವರು ಏನು ಮಾಡಬೇಕು ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮಗನಿಗೆ ಬುದ್ಧಿ ಬಂತೆಂದು ಅವಳಿಗೆ ಅನ್ನಿಸಿತು.

“ಅದೇ ಕಲ್ಲಿನಾಗ ಅವರೂ ಬೀಸಿ ನೋಡ್ಲಿ.”

ಕೊನೆಯ ದಿನ ಕಲ್ಮೇಶ ಮಧ್ಯಾಹ್ನವೇ ಮನೆಗೆ ಬಂದ. ಮುಖದಲ್ಲಿ ಗೆಲುವು, ಕೈಯಲ್ಲಿ ಅಂಚೆ ಕಚೇರಿಯ ರಸೀದಿ. ಪತ್ರಿಕೆಯವರೂ ಅಳೆದು ನೋಡಲಿ ಎಂದು ವಿಭಾಗದ ಕಂಪ್ಯೂಟರನ್ನು ಗೋಣಿಯಲ್ಲಿ ಹೊಲಿದು ಪಾರ್ಸಲ್ ಮಾಡಿ ಬಂದಿದ್ದ.

ಶಿವಗಂಗವ್ವ ರಸೀದಿಯನ್ನು ತಿರುಗಿಸಿ ನೋಡಿದಳು. “ಲೇಖನ ಕಳಿಸಿದೇನೋ?”

“ಅದು ಅದರೊಳಗ ಐತಿ ಅವ್ವಾ. ಕಂಪ್ಯೂಟರ್ ವಾಪಸ್ ಬಂದ ಕೂಡ್ಲೆ ಕಳಿಸ್ತೀನಿ.”