ಆಕಾಶ ಹೊತ್ತ ಟಿಟ್ಟಿಭವೂ ಹಲ್ಲುಕುಂಟೆಯೂ

ಒಂದು ಬಂಗಲೆಯ ಗೇಟಿನಿಂದ ಮೆಟ್ಟಿಲವರೆಗೆ ಜಲ್ಲಿ ಹಾಸಿದ ದಾರಿಯಿತ್ತು. ಕಾರಿನ ಚಕ್ರಗಳು ಅಂಚಿಗೆ ತಳ್ಳಿದ ಕಲ್ಲುಗಳನ್ನು ನಡುವಿಗೆ ಎಳೆದು, ಗುಂಡಿ ಮುಚ್ಚಿ, ದಾರಿಯನ್ನು ಸಮಮಾಡುವುದು ಹಲ್ಲುಕುಂಟೆಯ ಕಾಯಕ. ಅಂದು ಮುಂಜಾನೆ ಕುಂಟೆಯ ಕರಕರ ಸದ್ದು ಹತ್ತಿರವಾದಂತೆ, ಅಂಚಿನ ಜಲ್ಲಿಯಲ್ಲಿ ಕುಳಿತಿದ್ದ ಟಿಟ್ಟಿಭ ಹಕ್ಕಿ ಏಳುವುದು, ಕೂರುವುದು, ಮತ್ತೆ ಏಳುವುದು ಮಾಡತೊಡಗಿತು.

"ಕುಂಟೆಯಣ್ಣ, ನಿಲ್ಲು! ಆಕಾಶವನ್ನು ಕಾಲ ಮೇಲೆ ಹೊತ್ತ ವಂಶ ನಮ್ಮದು. ನನ್ನನ್ನು ಎಬ್ಬಿಸಿದರೆ ಅದು ಕುಸಿದೀತು!"

ಆಕಾಶ ಹೊತ್ತ ನೆನಪು ಟಿಟ್ಟಿಭಕ್ಕೇ ಇರಲಿಲ್ಲ. ಅಜ್ಜಿ ಹೇಳಿದ್ದಳು, ಅಷ್ಟೆ.

"ನಿನ್ನೆ ಹುಳು ಹೆಕ್ಕಲು ಹುಲ್ಲಿಗೆ ಹೋಗಿದ್ದೆಯಲ್ಲ, ಆಗ ಅದನ್ನು ಯಾರ ಕೈಗೆ ಕೊಟ್ಟಿದ್ದೆ, ತಂಗಿ?" ಎಂದು ನಕ್ಕು ಕುಂಟೆ ಮುಂದೆ ಬಂತು.

ಟಿಟ್ಟಿಭದ ದನಿ ಉಡುಗಿತು. "ನನ್ನಡಿಯಲ್ಲಿ ನಾಲ್ಕು ಮೊಟ್ಟೆಗಳಿವೆ, ಅಣ್ಣ."

"ಎದ್ದು ತೋರಿಸು."

ಹಕ್ಕಿ ಎದ್ದಿತು. ಮೊಟ್ಟೆಗಳಿಗೂ ಜಲ್ಲಿಯದೇ ಬೂದುಬಣ್ಣ, ಜಲ್ಲಿಯದೇ ಕಪ್ಪು ಚುಕ್ಕೆ. ಕುಂಟೆಗೆ ಕಲ್ಲಲ್ಲದೆ ಬೇರೇನೂ ಕಾಣಲಿಲ್ಲ.

"ಮೊದಲು ಆಕಾಶ, ಈಗ ಮೊಟ್ಟೆ! ಇನ್ನೇನು ಹೇಳುತ್ತೀಯೋ!" ಎಂದು ಅದು ಹಲ್ಲು ಇಳಿಸಿತು.

"ಮುಟ್ಟಿಯಾದರೂ ನೋಡು!" ಎಂದು ಚೀರಿದ ಟಿಟ್ಟಿಭ, ರೆಕ್ಕೆ ಹರಡಿ ಆ ಹಲ್ಲುಗಳ ಕೆಳಗೇ ನುಗ್ಗಿತು.

ಇಬ್ಬನಿಗೆ ಜಲ್ಲಿಯೆಲ್ಲ ತಣ್ಣಗಿತ್ತು. ಹಲ್ಲಿನ ತುದಿಗೆ ತಗುಲಿದ ಒಂದು ಕಲ್ಲು ಮಾತ್ರ ಬೆಚ್ಚಗಿತ್ತು.

ಕುಂಟೆ ಮೆಲ್ಲನೆ ಹಲ್ಲೆತ್ತಿತು. "ಇದು ಸಾಲದೆಂದು ಆಕಾಶವನ್ನೇಕೆ ಎಳೆದೆ, ತಾಯಿ?" ಎಂದು, ಒಂದು ಮೊಳ ದಾರಿಯನ್ನು ಹಾಗೆಯೇ ಬಿಟ್ಟು ಬಳಸಿ ಹೋಯಿತು.

ಟಿಟ್ಟಿಭ ಕೂತಿತು. ಈ ಸಲ ಏಳಲಿಲ್ಲ.