ಪುಟಿಯ ಕಟ್ಟಿದ ಹಗೆ

ಮಕ್ಕಳೇ, ಬಿದಿರುಮೆಳೆಗಳ ನಡುವೆ ಒಂದು ಕೆರೆ. ಆ ಕೆರೆಯ ದಂಡೆಯಲ್ಲಿ ಕಾಡಿನ ಪ್ರಾಣಿಗಳೆಲ್ಲ ಸೇರಿ, ಕೆಮ್ಮಣ್ಣು ಹದಮಾಡಿ, ಒಂದು ಕುಸ್ತಿ ಅಖಾಡ ಮಾಡಿಕೊಂಡಿದ್ದವು. ಹುಣ್ಣಿಮೆ ಬಂತೆಂದರೆ ಸಂಜೆ ಅಲ್ಲಿ ಕುಸ್ತಿ. ಗೆದ್ದವರ ಸೊಂಟಕ್ಕೆ ಕೆಂಪು ನಾರಿನ ಪಟ್ಟಿ. ಆ ಪಟ್ಟಿಗೊಂದು ವಿಚಿತ್ರ ಕಟ್ಟಳೆಯಿತ್ತು. ಅದನ್ನು ಕಟ್ಟಿಕೊಂಡವರನ್ನು ಯಾರು, ಎಲ್ಲಿ, ಯಾವಾಗ ಚಿತ್ ಮಾಡಿದರೂ ಪಟ್ಟಿ ಕೆಡವಿದವರದೇ.

ಹಾಗಾಗಿ ಪಟ್ಟಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಜೇನು ಕೀಳುತ್ತಿದ್ದ ಕರಡಿ ಜಾಂಬಣ್ಣನನ್ನು ಕಾಡುಹಂದಿ ಕೋರಪ್ಪ ಹಿಂದಿನಿಂದ ಬಂದು ಕೆಡವುತ್ತಿದ್ದ. ಕೆಸರಿನಲ್ಲಿ ತೂಕಡಿಸುತ್ತಿದ್ದ ಕೋರಪ್ಪನನ್ನು ಜಾಂಬಣ್ಣ ಮಗುಚಿ ಹಾಕುತ್ತಿದ್ದ. ಆಮೇಲೆ ಇಬ್ಬರೂ ನಗುತ್ತಾ ಒಟ್ಟಿಗೆ ಗೆಡ್ಡೆಗೆಣಸು ತಿನ್ನುತ್ತಿದ್ದರು.

ಕುಸ್ತಿಯನ್ನು ಸಾರಿ ಹೇಳುವ ಕೆಲಸ ಮುಂಗುಸಿ ಪುಟಿಯನದು. ಅವನಿಗೆ ನಿಂತಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಬಾಲ ಆಡುತ್ತಲೇ ಇರುತ್ತಿತ್ತು.

ಒಂದು ಹುಣ್ಣಿಮೆ, ಜಾಂಬಣ್ಣ, ಕೋರಪ್ಪ ಇಬ್ಬರೂ ಪಟ್ಟು ಹಿಡಿದಿರುವಾಗಲೇ ಮರದ ಮೇಲಿದ್ದ ಒಂದು ಮುಸುವ ಕೋತಿ ಆಕಳಿಸಿತು. "ಹೋದ ಸಲವೂ ಇದೇ ಅಲ್ಲವೇ?" ಎಂದು ಎದ್ದು ಹೋಯಿತು. ಅದರ ಹಿಂದೆ ಜಿಂಕೆಗಳೂ ಎದ್ದವು.

ಆ ಆಕಳಿಕೆ ಪುಟಿಯನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಏನಾದರೂ ಹೊಸತು ಬೇಕು. ಹುತ್ತದ ಸುತ್ತ ಸುತ್ತಿದ, ಮರ ಹತ್ತಿದ, ಇಳಿದ, ಮತ್ತೆ ಸುತ್ತಿದ. ಕಣ್ಣು ಕಟ್ಟಿಕೊಂಡು ಕುಸ್ತಿ ಆಡಿಸಿದ. ಜನ ಬಂದರು, ಒಂದು ಸಲ. ಕೆರೆಯ ನೀರಿನಲ್ಲಿ ಆಡಿಸಿದ. ಅದಕ್ಕೂ ಒಂದು ಸಲ ಬಂದರು. ಮತ್ತೆ ಅದೇ ಚಡಪಡಿಕೆ.

ಒಂದು ಬೆಳಿಗ್ಗೆ ಅವನು ಕೋರಪ್ಪನ ಬಳಿಗೆ ಓಡಿದ.

"ಕೋರಪ್ಪಣ್ಣ, ಈ ಸಲ ನೀನು ಪಟ್ಟಿಗಾಗಿ ಆಡುವುದಲ್ಲ. ನಿನ್ನ ಸೋದರಮಾವನಿಗೆ ಜಾಂಬಣ್ಣ ಹಿಂದೆ ಯಾವಾಗಲೋ ಎಲ್ಲರೆದುರು ಅವಮಾನ ಮಾಡಿದ್ದ. ಅದರ ಸೇಡು ತೀರಿಸಿಕೊಳ್ಳಲು ಆಡುತ್ತೀಯ."

"ನನ್ನ ಮಾವನಿಗೆ ಯಾರೂ ಏನೂ ಮಾಡಿಲ್ಲವಲ್ಲ ಮಾರಾಯ."

"ಮಾಡಿದ್ದ ಎಂದು ಹೇಳೋಣ. ನೋಡುವವರಿಗೆ ರುಚಿ ಬೇಡವೇ?"

ಕೋರಪ್ಪ ನಕ್ಕು ಒಪ್ಪಿದ. ಜಾಂಬಣ್ಣ ಮಾತ್ರ ಕೂಡಲೇ ಒಪ್ಪಲಿಲ್ಲ.

"ಆಟ ಸಪ್ಪೆಯಾದರೆ ಹೊಸ ಪಟ್ಟು ಕಲಿಯೋಣ ತಮ್ಮ. ಇಲ್ಲದ ಮಾತು ಯಾಕೆ?"

"ಒಂದೇ ಸಲ ಅಣ್ಣ. ಆಮೇಲೆ ಮರೆತುಬಿಡುತ್ತಾರೆ."

ಪುಟಿಯ ಸೇಡಿನ ಕತೆಯನ್ನು ಸಾರಿದ್ದೇ, ಆ ಹುಣ್ಣಿಮೆಗೆ ಕಾಡೇ ನೆರೆಯಿತು. ಕೋರಪ್ಪ ತೊಡೆ ತಟ್ಟಿದಾಗ ಬಿದಿರುಮೆಳೆ ಅದುರುವಷ್ಟು ಕೂಗು. ಪುಟಿಯ ಅಖಾಡದ ಅಂಚಿನಲ್ಲಿ ಕುಣಿದಾಡಿದ. ಜಾಂಬಣ್ಣನೇ ಗೆದ್ದ. ಆದರೆ ಜನ ಅಲ್ಲಿಗೆ ಬಿಡಲಿಲ್ಲ. "ಮಾವನ ಸೇಡು ತೀರಲಿಲ್ಲವಲ್ಲ, ಮುಂದೇನು?" ಎಂದು ಪುಟಿಯನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳತೊಡಗಿದರು.

ಕೇಳಿದವರಿಗೆಲ್ಲ ಅವನು ಏನಾದರೊಂದು ಸೇರಿಸಿದ. ಅವಮಾನ ಆದದ್ದು ಇದೇ ಕೆರೆಯ ಬಳಿ ಎಂದ. ಜಾಂಬಣ್ಣ ಮಾವನ ಮುಖಕ್ಕೆ ಕೆಸರು ಬಳಿದಿದ್ದ ಎಂದ. ಮರುದಿನ, ಮಾವ ಅಂದು ಅತ್ತಿದ್ದ ಎಂದ.

ಇದರ ನಡುವೆ ಕೋರಪ್ಪ ಬದಲಾದ. ಪಟ್ಟಿ ಕಸಿಯಲು ಜೇನುಮರದ ಕಡೆ ಬರುವುದನ್ನೇ ಬಿಟ್ಟ. ಗೆಣಸನ್ನು ಒಬ್ಬನೇ ಅಗೆದು ತಿಂದ. ಅವನ ಮರಿಗಳು ಕರಡಿಯನ್ನು ಕಂಡರೆ ಪೊದೆಗೆ ನುಗ್ಗತೊಡಗಿದವು. ಪುಟಿಯನಿಗೆ ಇದು ಕಂಡಿತು. ವೇಷ ಚೆನ್ನಾಗಿ ಕಟ್ಟಿದ್ದಾನೆ ಎಂದುಕೊಂಡು ಖುಷಿಪಟ್ಟ.

ಮುಂದಿನ ಹುಣ್ಣಿಮೆ ಬಂತು. ಕುಸ್ತಿಗೆ ಇಳಿಯುವ ಮುಂಚೆ ಕೋರಪ್ಪ ಯಾವಾಗಲೂ, ಎದುರಾಳಿಗೆ ಚುಚ್ಚದಿರಲೆಂದು, ತನ್ನ ಕೋರೆಹಲ್ಲುಗಳಿಗೆ ಬಾಳೆನಾರು ಸುತ್ತಿಕೊಳ್ಳುತ್ತಿದ್ದ. ಅಂದು ಬರಿಯ ಕೋರೆಗಳಲ್ಲೇ ನಿಂತಿದ್ದ.

ಪುಟಿಯ ಹತ್ತಿರ ಹೋಗಿ ಪಿಸುಗುಟ್ಟಿದ. "ಅಣ್ಣ, ನಾರು ಮರೆತೆಯಾ?"

"ಮರೆತಿಲ್ಲ."

"ಇದು ನಾವು ಕಟ್ಟಿದ ಕತೆ ಅಣ್ಣ."

"ನಾನೂ ಹಾಗೇ ಅಂದುಕೊಂಡಿದ್ದೆ. ಎಲ್ಲರೂ ಹೇಳುತ್ತಿದ್ದರಲ್ಲ, ಹೋಗಿ ಮಾವನನ್ನೇ ಕೇಳಿದೆ. ಅವನೂ ಹೌದು ಅಂದ. ಅತ್ತದ್ದೂ ನಿಜವಂತೆ."

ಪುಟಿಯನ ಬಾಲ ಮೊದಲ ಬಾರಿಗೆ ಅಲ್ಲಾಡದೆ ನಿಂತಿತು. ಆ ಮುದಿಹಂದಿಯನ್ನು ವರ್ಷಗಳಿಂದ ಯಾರೂ ಮಾತಾಡಿಸಿರಲಿಲ್ಲ. ಈಗ ಎಲ್ಲರೂ ಅವನ ಸುತ್ತ ಕೂತು ಕತೆ ಕೇಳುತ್ತಿದ್ದರು. ಅವನು ಇಲ್ಲವೆಂದಾನೆಯೇ?

ಅಷ್ಟರಲ್ಲಿ ಜಾಂಬಣ್ಣ ಎಂದಿನಂತೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಿದ್ದ. ಪುಟಿಯ ಅಖಾಡದ ನಡುವೆ ನುಗ್ಗಿ ಎರಡೂ ಮುಂಗಾಲೆತ್ತಿ ನಿಂತ.

"ನಿಲ್ಲಿಸಿ. ಮಾವನಿಗೆ ಯಾರೂ ಏನೂ ಮಾಡಿಲ್ಲ. ಎಲ್ಲ ನಾನೇ ಹುಟ್ಟಿಸಿದ್ದು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮರದ ಮೇಲಿದ್ದ ಮುಸುವ ಚಪ್ಪಾಳೆ ತಟ್ಟಿತು. "ಈ ಸಲದ ತಿರುವು ಚೆನ್ನಾಗಿದೆ" ಎಂದಿತು. ಎಲ್ಲರೂ ನಕ್ಕರು, ಕೂಗಿದರು. ಪುಟಿಯ ಅತ್ತ. ಅವನು ಅತ್ತಷ್ಟೂ ಚಪ್ಪಾಳೆ ಹೆಚ್ಚಾಯಿತು.

ಕೋರಪ್ಪ ತಲೆ ತಗ್ಗಿಸಿ ನುಗ್ಗಿದ. ಜಾಂಬಣ್ಣ ತಬ್ಬಿ ಹಿಡಿಯಲು ತೋಳು ಚಾಚಿದ, ಗೆಳೆಯನನ್ನು ಹಿಡಿಯುವ ಹಾಗೆ. ಕೋರೆ ತೊಡೆಯನ್ನು ಸೀಳಿತು. ಕರಡಿ ಕುಸಿದು ಕೂತ. ನೆತ್ತರು ಮಣ್ಣಿಗೆ ಇಳಿದಾಗ ಕೂಗು ನಿಂತಿತು. ಯಾರೂ ಹತ್ತಿರ ಬರಲಿಲ್ಲ. ಒಬ್ಬೊಬ್ಬರೇ ಮೆಲ್ಲನೆ ಜಾರಿಕೊಂಡರು.

ಜಾಂಬಣ್ಣ ಪಟ್ಟಿ ಬಿಚ್ಚಿ ನೆಲದ ಮೇಲಿಟ್ಟ. ಕುಂಟುತ್ತಾ ಕೆರೆಯ ಆಚೆ ದಂಡೆಗೆ ಹೋದ. ಕೋರಪ್ಪ ಪಟ್ಟಿಯನ್ನು ನೋಡುತ್ತಾ ನಿಂತ, ಎತ್ತಿಕೊಳ್ಳಲಿಲ್ಲ.

ಆಮೇಲೆ ಪುಟಿಯ ದಿನವೂ ಗಾಯಕ್ಕೆ ಹಚ್ಚುವ ಸೊಪ್ಪು ಹೊತ್ತು ಆಚೆ ದಂಡೆಗೆ ಹೋಗುತ್ತಿದ್ದ. ಜಾಂಬಣ್ಣ ಸೊಪ್ಪು ತೆಗೆದುಕೊಳ್ಳುತ್ತಿದ್ದ, ಮಾತಾಡುತ್ತಿರಲಿಲ್ಲ. ಗಾಯ ಒಣಗತೊಡಗಿದ ಮೇಲೆ ಒಂದು ಮಧ್ಯಾಹ್ನ, ಮುಖ ಎತ್ತದೆಯೇ ಕೇಳಿದ:

"ಕೋರಪ್ಪ ಹೇಗಿದ್ದಾನೆ?"

ಪುಟಿಯ ಅಲ್ಲಿಂದ ಒಂದೇ ಉಸಿರಿಗೆ ಓಡಿದ. ಕೋರಪ್ಪ ತನ್ನ ಕೆಸರುಗುಂಡಿಯ ಬಳಿ ಒಬ್ಬನೇ ಮಲಗಿದ್ದ.

"ಅಣ್ಣ, ಜಾಂಬಣ್ಣ ನಿನ್ನ ಬಗ್ಗೆ ಕೇಳಿದ. ಹೇಗಿದ್ದಾನೆ ಅಂತ ಕೇಳಿದ."

ಕೋರಪ್ಪ ತಲೆಯೆತ್ತಿದ. ಅವನ ಕಣ್ಣು ಒಮ್ಮೆ ಅರಳಿತು. ಆಮೇಲೆ ಅವನು ಪುಟಿಯನನ್ನೇ ಬಹಳ ಹೊತ್ತು ನೋಡಿದ.

"ಇದು ಅವನು ಕೇಳಿದ್ದೋ," ಎಂದ ಕೋರಪ್ಪ, "ನೀನು ಕಟ್ಟಿದ್ದೋ?"

ನೀತಿ: ಆಟಕ್ಕೆ ರುಚಿ ಬರಲೆಂದು ಸುಳ್ಳು ಹಗೆ ಹುಟ್ಟಿಸಿದವನು, ಮುಂದೆ ನಿಜವಾದ ಸ್ನೇಹದ ಮಾತು ತಂದರೂ ಯಾರೂ ನಂಬುವುದಿಲ್ಲ.