ರಕ್ಕಸಿಯ ಬಯಲಲ್ಲಿ ಭರಮನ ಮನೆ

"ಕೇಳಿರಪ್ಪೋ ಕೇಳಿರಿ! ಕೆಂಗಲ್ಲು ಪಟ್ಟಣದ ಅರಸರ ಅಪ್ಪಣೆ! ಒಂಟಿಬೇವಿನ ಬಯಲಲ್ಲಿ ಕೂತಿರುವ ರಕ್ಕಸಿಯ ಮೂರು ಒಗಟು ಬಿಡಿಸಿದವನಿಗೆ ಆ ಬಯಲೆಲ್ಲ ಉಂಬಳಿ! ಅಲ್ಲಿ ಅವನು ತನಗೆ ಬೇಕಾದಂತೆ ಮನೆ ಕಟ್ಟಿಕೊಂಡು ಇರಬಹುದು! ತಪ್ಪು ಹೇಳಿದವನು ನಿಂತಲ್ಲೇ ಬಂಡೆಯಾಗುತ್ತಾನೆ, ಅದಕ್ಕೆ ಅರಮನೆ ಹೊಣೆಯಲ್ಲ!"

ಡಂಗುರ ಗೌಡರ ಕೊಟ್ಟಿಗೆಯ ಮುಂದೆ ಹಾದುಹೋದಾಗ ಭರಮ ಸೆಗಣಿ ಬಾಚುತ್ತಿದ್ದ. ಆ ಕೊಟ್ಟಿಗೆಯ ಒಂದು ಮೂಲೆಯೇ ಅವನಿಗೂ ಅವನ ಹೆಂಡತಿ ಸಾತವ್ವನಿಗೂ ಮನೆ. ಸಾತವ್ವ ತುಂಬಿದ ಬಸುರಿ. ಇನ್ನೆರಡು ಎಮ್ಮೆ ಬರುತ್ತವೆ, ಮಳೆಗಾಲದೊಳಗೆ ಮೂಲೆ ಬಿಡಿ ಎಂದು ಗೌಡ್ತಿ ಹೇಳಿಯಾಗಿತ್ತು.

"ನಾನು ಹೋಗಿ ಬರುತ್ತೇನೆ ಸಾತೂ," ಎಂದ ಭರಮ.

"ಬಂಡೆಯಾದರೆ?"

"ಮದುವೆಯಾದಾಗಿನಿಂದ ಮಾತಲ್ಲೇ ಮನೆ ಕಟ್ಟುತ್ತಿದ್ದೇವೆ. ಒಲೆ ಎಲ್ಲಿ, ಕಿಂಡಿ ಎಲ್ಲಿ ಅಂತ ಜಗಳವೂ ಆಯಿತು. ಇನ್ನು ನೆಲ ಒಂದೇ ಬಾಕಿ. ಕೂಸನ್ನು ಎಮ್ಮೆ ಕಾಲ ಬಳಿ ಹೆರುತ್ತೀಯಾ?"

ಸಾತವ್ವ ಎರಡು ರೊಟ್ಟಿ ಕಟ್ಟಿಕೊಟ್ಟಳು. "ಯೋಚನೆ ಮಾಡಿ ಬಾಯಿ ತೆಗೆ. ನಿನ್ನದು ಅವಸರದ ಬಾಯಿ."

ಬಯಲಲ್ಲಿ ಎಲ್ಲಿ ನೋಡಿದರೂ ಆಳೆತ್ತರದ ಬಂಡೆಗಳು. ನಡುವೆ ಬೇವಿನ ಮರ, ಅದರ ಬುಡದಲ್ಲಿ ಕಾಲು ಚಾಚಿ ರಕ್ಕಸಿ. ಭರಮನಿಗಿಂತ ಮುಂಚೆ ಇಬ್ಬರು ಬಂದು ನಿಂತಿದ್ದರು, ಒಬ್ಬ ಎಣ್ಣೆ ವ್ಯಾಪಾರಿಯ ಮಗ, ಇನ್ನೊಬ್ಬ ಅರಸರ ಭಾವಮೈದ.

ರಕ್ಕಸಿ ಮೊದಲ ಒಗಟು ಹಾಕಿದಳು. "ನೀರು ಕುಡಿದು ಹುಟ್ಟುತ್ತದೆ. ಎದ್ದು ನಿಂತ ಮೇಲೆ ನೀರು ಕುಡಿದರೆ ಸಾಯುತ್ತದೆ. ತಲೆಗೊಂದು ಟೋಪಿ, ಕಾಲಿಗೊಂದು ಮೆಟ್ಟು ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಏನದು?"

"ಉಪ್ಪು!" ಎಂದ ವ್ಯಾಪಾರಿಯ ಮಗ. "ನೀರಲ್ಲೇ ಹುಟ್ಟುತ್ತದೆ, ನೀರಲ್ಲೇ ಕರಗುತ್ತದೆ."

"ಉಪ್ಪಿಗೆ ಮೆಟ್ಟು ಹೊಲಿಸುತ್ತಾರೇನೋ ನಿಮ್ಮ ಮನೆಯಲ್ಲಿ?" ಎಂದು ರಕ್ಕಸಿ ಕೈ ಆಡಿಸಿದಳು. ಅಲ್ಲೊಂದು ಬಂಡೆ ನಿಂತಿತು.

ಭಾವಮೈದ ಮೀಸೆ ತಿರುವಿದ. "ಅಣಬೆ. ಮಳೆಗೆ ಹುಟ್ಟುತ್ತದೆ, ಟೋಪಿಯೂ ಇದೆ."

"ಅಣಬೆ ಮೊಮ್ಮಕ್ಕಳ ಕಾಲಕ್ಕಲ್ಲ, ನಾಳಿನ ಸಾರಿಗೇ ಉಳಿಯುವುದಿಲ್ಲ," ಎಂದಳು ರಕ್ಕಸಿ. ಇನ್ನೊಂದು ಬಂಡೆ ನಿಂತಿತು, ಮೀಸೆಯ ಸಮೇತ.

ಭರಮನ ಸರದಿ. ಸೂರು ಉದ್ದಕ್ಕೆ ಇಳಿಸು, ಮಳೆ ಗೋಡೆಗೆ ಬಡಿಯುತ್ತದೆ ಎಂದು ಸಾತವ್ವ ಎಷ್ಟು ಸಲ ಹೇಳಿದ್ದಳು! "ಮಣ್ಣಿನ ಗೋಡೆ, ತಾಯಿ. ನೀರು ಹಾಕಿ ಕಲಸಿದರೇ ಗೋಡೆ, ಆಮೇಲೆ ನೀರು ಇಳಿದರೆ ಕುಸಿಯುತ್ತದೆ. ಟೋಪಿ ಅಂದರೆ ಸೂರು, ಮೆಟ್ಟು ಅಂದರೆ ಕಲ್ಲಿನ ತಳಪಾಯ."

ರಕ್ಕಸಿ ಚಾಚಿದ ಕಾಲು ಮಡಚಿಕೊಂಡಳು. "ಎರಡನೆಯದು. ಅದು ಬರಲೆಂದೇ ಗಟ್ಟಿ ಗೋಡೆಯಲ್ಲಿ ತೂತು ಬಿಡುತ್ತೀರಿ. ಹೊಸಿಲು ದಾಟದೆ ಬಂದು ನೆಲದ ಮೇಲೆ ಮಲಗುತ್ತದೆ. ಗುಡಿಸಹೋದರೆ ಪೊರಕೆಯ ಮೇಲೇ ಹತ್ತಿ ಕೂರುತ್ತದೆ."

"ಗಾ..." ಎಂದ ಭರಮ. ಕಾಲಬೆರಳು ತಣ್ಣಗಾದವು. ನೋಡಿದರೆ ಉಗುರುಗಳು ಕಲ್ಲಾಗಿದ್ದವು. ಗಾಳಿ ಎಲ್ಲಿ ಮಲಗುತ್ತದೆ?

"ಗಾ ಅಂದರೇನು?"

"ಗಾಬರಿ, ತಾಯಿ. ಗಾಬರಿಯಾಯಿತು ಅಂದೆ."

ರಕ್ಕಸಿ ನಗು ತಡೆದುಕೊಂಡಳು. ಭರಮ ಉಸಿರು ಎಳೆದುಕೊಂಡ. ಕೊಟ್ಟಿಗೆಯಲ್ಲಿ ಹಗಲೂ ಕತ್ತಲೆ, ಅದಕ್ಕೇ ಸಾತವ್ವನಿಗೆ ಒಲೆಯ ಮೇಲ್ಗಡೆ ಬೆಳಕಿಂಡಿ ಬೇಕಿತ್ತು. "ಬಿಸಿಲು," ಎಂದ. "ಕಿಂಡಿಯಿಂದ ಇಳಿದು ನೆಲದ ಮೇಲೆ ಬೀಳುತ್ತದಲ್ಲ, ಆ ಬಿಸಿಲು."

"ಮೂರನೆಯದು. ಗುದ್ದಲಿ ಬೀಳುವ ಮುಂಚೆಯೇ ಅದು ನೆಲದ ಉದ್ದಗಲಕ್ಕೂ ಓಡಾಡುತ್ತದೆ. ಪೇಟೆಯಲ್ಲಿ ಸಿಗದು. ನೆರೆಯವನದು ತಂದರೆ ಮನೆ ಅವನ ಅಳತೆಗೆ ಆಗುತ್ತದೆ, ನಿನ್ನದಕ್ಕಲ್ಲ. ಹಗಲೆಲ್ಲ ದುಡಿದು, ಇರುಳಿಗೆ ಇನ್ನೊಬ್ಬರ ತಲೆ ಹೊರುತ್ತದೆ."

ಹಗ್ಗವೇ? ಅದು ಪೇಟೆಯಲ್ಲಿ ಸಿಗುತ್ತದೆ. ಕಾಲೇ? ಕಾಲು ಯಾರ ತಲೆ ಹೊರುತ್ತದೆ? ಯೋಚಿಸುತ್ತ ನಿಂತಷ್ಟೂ ಕಲ್ಲು ಏರಿತು, ಮೊಣಕಾಲಿಗೆ, ಸೊಂಟಕ್ಕೆ.

"ಬೇಗ ಹೇಳು ತಮ್ಮಾ. ಕಲ್ಲು ಎದೆಗೆ ಬಂದರೆ ಮಾತು ಹೊರಡುವುದಿಲ್ಲ."

ಭರಮ ಒಗಟನ್ನು ಬಿಟ್ಟು ಹೆಂಡತಿಯನ್ನು ನೆನೆದ. ಇವತ್ತು ನಾನು ಹೋಗದಿದ್ದರೆ ಅವಳು ತಲೆ ಎಲ್ಲಿ ಇಡುತ್ತಾಳೆ? ದಿಂಬಿಲ್ಲ. ಇಷ್ಟು ದಿನವೂ ಅವಳು ಮಲಗಿದ್ದು ನನ್ನ...

"ತೋಳು!" ಎಂದು ಕೂಗಿದ. "ನನ್ನ ತೋಳು! ಮನೆ ಕಟ್ಟುವವನು ತನ್ನ ಮೊಳದಿಂದಲೇ ನೆಲ ಅಳೆಯುತ್ತಾನೆ. ಇರುಳಲ್ಲಿ ಅದೇ ತೋಳು ಸಾತೂಗೆ ದಿಂಬು."

ಅವನ ಮೈಮೇಲಿನ ಕಲ್ಲು ಒಣಗಿದ ಕೆಸರಿನಂತೆ ಉದುರಿತು. ಬಯಲ ಬಂಡೆಗಳೆಲ್ಲ ಕೆಮ್ಮಿ, ಮೈಕೊಡವಿ, ಮತ್ತೆ ಮನುಷ್ಯರಾದವು. ಭಾವಮೈದ ಮೊದಲು ಮೀಸೆ ಮುಟ್ಟಿ ನೋಡಿಕೊಂಡ.

"ಎಲ್ಲಿಗೆ ಹೊರಟಿರಿ?" ಎಂದು ರಕ್ಕಸಿ ಗದರಿದಳು. "ನಿಂತು ನಿಂತು ಕಾಲು ಜೋಮು ಹಿಡಿದಿರಬೇಕು. ಇವನ ಮನೆಗೆ ಮಣ್ಣು ತುಳಿದು ಹೋಗಿ, ಸರಿಹೋಗುತ್ತದೆ."

ಇಲ್ಲ ಎನ್ನುವ ಎದೆ ಯಾರಿಗಿತ್ತು? ಭರಮ ಮೊಳ ಹಾಕಿ ನೆಲ ಅಳೆದ. ಸುದ್ದಿ ಕೇಳಿ ಸಾತವ್ವ ಬಂದವಳೇ ಅಡುಗೆಮನೆಯ ಗೆರೆಯ ಮೇಲೆ ನಿಂತಳು. "ಒಲೆಕಟ್ಟೆ ನಿನ್ನ ಮೊಳದಲ್ಲಲ್ಲ, ನನ್ನ ಮೊಳದಲ್ಲಿ. ಅಲ್ಲಿ ಕೂರುವವಳು ನಾನು."

"ಇದನ್ನು ನನ್ನ ಒಗಟಿಗೆ ಸೇರಿಸಬೇಕಿತ್ತು," ಎಂದು ರಕ್ಕಸಿ ಬಾಯಿ ತುಂಬ ನಕ್ಕಳು. ನಗುತ್ತಲೇ ಎದ್ದು ಗುಡ್ಡ ದಾಟಿ ಹೋದಳು. ಅರಸರು ಉಂಬಳಿಯ ಗಡಿಕಲ್ಲು ನೆಡಿಸಿದರು.

ಮೊದಲ ಮಳೆಗೆ ಮುಂಚೆ ಸೂರು ಮುಗಿಯಿತು. ಹಾಲು ಉಕ್ಕಿಸಿದ ಮರುದಿನ ಬೆಳಿಗ್ಗೆಯೇ ಸಾತವ್ವನಿಗೆ ನೋವು ಬಂತು. ಸೂಲಗಿತ್ತಿ ಬಂದು, "ಗಂಡಸರಿಗೆ ಇಲ್ಲೇನು ಕೆಲಸ? ನಡಿ ಹೊರಗೆ," ಎಂದು ಮನೆಯ ಯಜಮಾನನನ್ನೇ ಆಚೆ ದಬ್ಬಿ ಕದ ಹಾಕಿಕೊಂಡಳು. ಭರಮ ಹಸಿ ಆರದ ಜಗಲಿಯ ಮೇಲೆ ಕುಳಿತ. ಎಷ್ಟೋ ಮನೆಗಳಿಂದ ಅವನನ್ನು ಎಬ್ಬಿಸಿ ಕಳಿಸಿದ್ದರು, ಆದರೆ ಈ ಸಲದ ಹಾಗೆ ಹಿಗ್ಗಿ ಅವನು ಯಾವತ್ತೂ ಹೊರಗೆ ಬಂದಿರಲಿಲ್ಲ. ಒಳಗೆ ಕೂಸು ಅತ್ತಿತು. ಅಲ್ಲಿ ಅವರ ಕದ ತೆರೆಯಿತು, ಇಲ್ಲಿ ನಮ್ಮ ಕತೆ ಒಳಗೆ ಹೋಯಿತು.